2,60,000 ಕಿ.ಮೀ. ಓಡಿದ ಪಿಕಪ್ಪೋ, 95,000 ಕಿ.ಮೀ. ಓಡಿದ ಪಿಕಪ್ಪೋ? ಎಂಜಿನ್ನಿನ ಬಾಳಿಕೆ ಅಳೆಯುವುದು ಹೇಗೆ?

ಹೊಸಲೋಡು:
ಎಲ್ಲರಿಗೂ ನಮಸ್ಕಾರ. ಬಳಸಿದ ಡೀಸೆಲ್ ಪಿಕಪ್ ಒಂದನ್ನು ಕೊಳ್ಳಲು ಹೊರಟು, ಈಗ ಎರಡು ಗಾಡಿಗಳ ನಡುವೆ ತೀರ್ಮಾನಕ್ಕೆ ಬರಲಾಗದೆ ನಿಮ್ಮ ಮುಂದೆ ಬಂದಿದ್ದೇನೆ. ಎರಡೂ ಒಂದೇ ಮಾದರಿ, ಒಂದೇ ಎಂಜಿನ್, ತಯಾರಾದ ವರ್ಷವೂ ಒಂದೇ. ಮೊದಲನೆಯದು 2,60,000 ಕಿ.ಮೀ. ಓಡಿದೆ, ಮಾಲೀಕರು ಅದನ್ನು ಬಹುಪಾಲು ಹೆದ್ದಾರಿಯಲ್ಲಿ ದೂರದ ಸಾಗಾಣಿಕೆಗೆ ಬಳಸಿದ್ದಾರೆ ಮತ್ತು ಸರ್ವಿಸಿನ ಪ್ರತಿಯೊಂದು ಬಿಲ್ಲನ್ನೂ ಜೋಡಿಸಿಟ್ಟಿದ್ದಾರೆ. ಎರಡನೆಯದು 95,000 ಕಿ.ಮೀ. ಮಾತ್ರ ಓಡಿದೆ, ಅದು ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ದುಡಿದದ್ದು, ಬಿಲ್ಲುಗಳು ಅರ್ಧಂಬರ್ಧ ಇವೆ. ಮನೆಯಲ್ಲಿ ಎಲ್ಲರೂ ಕಡಿಮೆ ಓಡಿದ್ದನ್ನೇ ತೆಗೆದುಕೋ ಎನ್ನುತ್ತಿದ್ದಾರೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಇಂದಿನ ಪಿಕಪ್ ಎಂಜಿನ್ ಇಳಿಸಿ ಕಟ್ಟಿಸದೆ ಎಷ್ಟು ದೂರ ಓಡಬಲ್ಲದು, ಓಡೋಮೀಟರ್ ಬಿಟ್ಟು ಬೇರೆ ಯಾವುದನ್ನು ನೋಡಿ ನಿರ್ಧರಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಡೀಸೆಲ್‌ದಾಸ:
ಮೊದಲನೆಯದು. ಎರಡನೆಯದನ್ನು ನೋಡಲು ಹೋಗಿಬರುವ ಡೀಸೆಲ್ಲೂ ದಂಡ.

ಪಿಸ್ಟನ್ ಪುರಾಣಿಕ:
ಇಷ್ಟು ಅವಸರದಲ್ಲಿ ತೀರ್ಪು ಕೊಡುವುದು ಸರಿಯಲ್ಲ. 2,60,000 ಕಿ.ಮೀ. ಎಂದರೆ 2,60,000 ಕಿ.ಮೀ. ತಾನೇ? ಹೆದ್ದಾರಿಯಲ್ಲಿ ಓಡಿದರೂ ಪಿಸ್ಟನ್ ಮೇಲೆ ಕೆಳಗೆ ಆಡಿದ್ದು ಸುಳ್ಳಾಗುವುದಿಲ್ಲ. ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಚೆನ್ನಾಗಿಯೇ ಇರಲಿ, ಟರ್ಬೋ, ಇಂಜೆಕ್ಟರ್, ವಾಟರ್ ಪಂಪ್, ಕ್ಲಚ್, ಚೈನ್ ಟೆನ್ಷನರ್ ಇವೆಲ್ಲವೂ ಒಂದರ ಹಿಂದೆ ಒಂದು ಕೈಕೊಡುವ ಹಂತಕ್ಕೆ ಆ ಗಾಡಿ ಬಂದು ನಿಂತಿದೆ. ಕೊಂಡವರು ಆ ಖರ್ಚನ್ನೂ ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಗಂಟೆಲೆಕ್ಕ:
ಪುರಾಣಿಕರೇ, ಬಿಡಿಭಾಗಗಳ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ; ಆದರೆ ಎಂಜಿನ್ನಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ಒಪ್ಪಲಾರೆ. ಚಕ್ರ ಉರುಳಿದ ದೂರವನ್ನು ಓಡೋಮೀಟರ್ ಹೇಳುತ್ತದೆಯೇ ಹೊರತು, ಎಂಜಿನ್ ಎಷ್ಟು ಹೊತ್ತು ತಿರುಗಿತು ಎಂಬುದನ್ನಲ್ಲ. ಜನರೇಟರ್, ಟ್ರ್ಯಾಕ್ಟರ್, ಜೆಸಿಬಿ ಇಟ್ಟವರು ಯಾರೂ ಕಿಲೋಮೀಟರ್ ಕೇಳುವುದಿಲ್ಲ, ಗಂಟೆಯನ್ನೇ ಕೇಳುತ್ತಾರೆ. ಕಾಮಗಾರಿಯ ಸ್ಥಳದ ಪಿಕಪ್ ದಿನದ ಬಹುಭಾಗ ಸ್ಟಾರ್ಟಿಂಗ್‌ನಲ್ಲೇ ನಿಂತಿರುತ್ತದೆ: ಒಳಗೆ ಏಸಿ ಬೇಕು, ದೀಪ ಬೇಕು, ನೂರು ಮೀಟರ್ ಮುಂದೆ ಹೋಗಿ ಮತ್ತೆ ನಿಲ್ಲಬೇಕು. ನಿಂತಲ್ಲೇ ಕಳೆದ ಒಂದು ಗಂಟೆಯನ್ನು ಸುಮಾರು 40ರಿಂದ 50 ಕಿ.ಮೀ. ಓಟಕ್ಕೆ ಸಮವೆಂದು ಎಣಿಸುವ ರೂಢಿ ದೊಡ್ಡ ಸಂಖ್ಯೆಯಲ್ಲಿ ಗಾಡಿ ಇಟ್ಟವರಲ್ಲಿ ಇದೆ. ಆದ್ದರಿಂದ ಎರಡೂ ಗಾಡಿಗಳ ಎಂಜಿನ್ ಗಂಟೆಗಳನ್ನು ಮೊದಲು ತೆಗೆಸಿ. ಒಟ್ಟು ಕಿಲೋಮೀಟರನ್ನು ಒಟ್ಟು ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ಅದು 45 ದಾಟಿದ್ದರೆ ಗಾಡಿ ರಸ್ತೆಯಲ್ಲಿ ಬಾಳಿದೆ, 20ಕ್ಕಿಂತ ಕೆಳಗಿದ್ದರೆ ನಿಂತಲ್ಲೇ ಸವೆದಿದೆ ಎಂದು ತಿಳಿಯಬಹುದು.

ಹೊಸಲೋಡು:
ಬಹಳ ಉಪಯುಕ್ತ ಮಾತು ಸರ್. ಈ ಗಂಟೆಗಳನ್ನು ನೋಡುವುದು ಎಲ್ಲಿ? ಮೀಟರಿನಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ.

ಗಂಟೆಲೆಕ್ಕ:
ಕೆಲವು ಮಾದರಿಗಳಲ್ಲಿ ಮೀಟರಿನ ಮೆನುವಿನ ಒಳಗೆ ಅಡಗಿರುತ್ತದೆ. ಇಲ್ಲದಿದ್ದರೆ ಸ್ಕ್ಯಾನರ್ ಹಾಕಿಸಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುನಿಂದ ಓದಿಸಬೇಕು. ಸ್ಕ್ಯಾನರ್ ಹಾಕಿದಾಗಲೇ, ಇತ್ತೀಚೆಗೆ ಯಾರಾದರೂ ಅದರಲ್ಲಿ ದಾಖಲಾದ ದೋಷದ ಗುರುತುಗಳನ್ನು (ಫಾಲ್ಟ್ ಕೋಡ್) ಅಳಿಸಿದ್ದಾರೆಯೇ ಎಂಬುದನ್ನೂ ನೋಡಲು ಹೇಳಿ. ಮಾರಾಟಕ್ಕೆ ಇಡುವ ಹಿಂದಿನ ದಿನ ಕೋಡ್ ಅಳಿಸುವ ಮಹನೀಯರಿಗೆ ಕೊರತೆಯಿಲ್ಲ.

ಪಿಸ್ಟನ್ ಪುರಾಣಿಕ:
ಒಂದು ಪ್ರಶ್ನೆ. ನಿಂತ ಎಂಜಿನ್ ಮೇಲೆ ಲೋಡೇ ಇರುವುದಿಲ್ಲ, ಆರ್‌ಪಿಎಂ 750ರ ಆಸುಪಾಸು ಇರುತ್ತದೆ. ಹೆದ್ದಾರಿಯಲ್ಲಿ ಒಂದು ಟನ್ ಹೊತ್ತು ಏರು ಹತ್ತುವ ಎಂಜಿನ್ನಿಗಿಂತ ಇದು ಹೆಚ್ಚು ಸವೆಯುತ್ತದೆ ಎನ್ನುವುದು ಯಾವ ನ್ಯಾಯ?

ಮಸಿಬಟ್ಟೆ:
ಸವೆತಕ್ಕೆ ಲೋಡ್ ಒಂದೇ ಕಾರಣ ಎಂದುಕೊಂಡಾಗ ಈ ಪ್ರಶ್ನೆ ಬರುತ್ತದೆ. ಡೀಸೆಲ್ ಎಂಜಿನ್ ಬಿಸಿಯಾಗಿ ದುಡಿಯಲೆಂದೇ ರೂಪಗೊಂಡದ್ದು. ನಿಂತಲ್ಲೇ ತಿರುಗುವಾಗ ಸಿಲಿಂಡರ್ ಒಳಗಿನ ಶಾಖ ಇಳಿಯುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ. ಆ ಮಸಿ ಒಂದೆಡೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಕೂರುತ್ತದೆ, ಇನ್ನೊಂದೆಡೆ ಆಯಿಲ್ಲಿಗೆ ಇಳಿಯುತ್ತದೆ. ಡಿಪಿಎಫ್, ಅಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಇರುವ ಗಾಡಿಯಾದರೆ ತೊಂದರೆ ಇಮ್ಮಡಿ. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಸುಡಲು ಹಲವು ಎಂಜಿನ್‌ಗಳು ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ಲನ್ನು ಸಿಲಿಂಡರಿಗೇ ಚಿಮ್ಮಿಸುತ್ತವೆ. ಆ ಡೀಸೆಲ್ಲಿನ ಒಂದು ಪಾಲು ಗೋಡೆಗಂಟಿ, ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ಲನ್ನು ತೆಳ್ಳಗಾಗಿಸುತ್ತದೆ. ಗಾಡಿ ಹೆದ್ದಾರಿಯಲ್ಲಿದ್ದರೆ ಈ ಸುಡುವಿಕೆ ಒಮ್ಮೆಗೇ ಮುಗಿಯುತ್ತದೆ. ಕಾಮಗಾರಿಯ ಗಾಡಿಯಲ್ಲಿ ಅದು ಆರಂಭವಾಗುವಷ್ಟರಲ್ಲಿ ಯಾರೋ ಚಾವಿ ತಿರುಗಿಸಿ ಆಫ್ ಮಾಡುತ್ತಾರೆ, ಮರುದಿನ ಮತ್ತೆ ಮೊದಲಿನಿಂದ ಶುರು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ ಸಂತೋಷಪಡಬೇಡಿ, ಅದು ಡೀಸೆಲ್.

ಪಿಸ್ಟನ್ ಪುರಾಣಿಕ:
ಡಿಪಿಎಫ್ ಗಾಡಿಗಳಿಗೆ ಈ ವಾದ ಹೊಂದುತ್ತದೆ, ಒಪ್ಪಿದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಿಗೆ ಅಷ್ಟಾಗಿ ಹೊಂದದು.

ಆರುಸಾಲು:
ಮೆಕ್ಯಾನಿಕಲ್ ಪಂಪಿನ ಹೆಸರು ಬಂದ ಮೇಲೆ ನಾನು ಸುಮ್ಮನಿರಲು ಸಾಧ್ಯವಿಲ್ಲ. ಪಿಕಪ್‌ನಲ್ಲಿ ಬಂದ ಎಂಜಿನ್‌ಗಳಲ್ಲಿ ಬಾಳಿಕೆಗೆ ಹೆಸರಾದದ್ದು ಯಾವುದೆಂದು ಕೇಳಿದರೆ, 1989ರಿಂದ 1998ರವರೆಗೆ ಡಾಡ್ಜ್ ರ‍್ಯಾಮ್‌ನಲ್ಲಿ ಬಂದ ಕಮಿನ್ಸ್ 5.9 ಲೀಟರ್ 12 ವಾಲ್ವ್ ಎಂಜಿನ್ನನ್ನೇ ನಾನು ತೋರಿಸುತ್ತೇನೆ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ಇರುವುದರಿಂದ ಅದರ ಚಲನೆ ಸಹಜವಾಗಿಯೇ ಸಮತೋಲದಲ್ಲಿರುತ್ತದೆ. ಪಿಸ್ಟನ್‌ಗಳ ಆಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿಗೆ ಏಳು ಮೇನ್ ಬೇರಿಂಗ್‌ಗಳ ಆಸರೆ. ವಾಲ್ವುಗಳ ಟೈಮಿಂಗಿಗೆ ಬೆಲ್ಟೂ ಇಲ್ಲ, ಚೈನೂ ಇಲ್ಲ, ನೇರವಾಗಿ ಗೇರ್. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ. ಮೇಲಾಗಿ ಅದು 2,500 ಆರ್‌ಪಿಎಂ ಸುತ್ತಮುತ್ತಲೇ ತನ್ನ ಪೂರ್ತಿ ಶಕ್ತಿ ಕೊಡುವ ಎಂಜಿನ್. ಒಂದು ಕಿಲೋಮೀಟರಿಗೆ ಪಿಸ್ಟನ್ ಎಷ್ಟು ಕಡಿಮೆ ಸಲ ಆಡಿತೋ ರಿಂಗ್ ಅಷ್ಟು ಕಡಿಮೆ ಉಜ್ಜಿತು. ಲಾರಿ ಮತ್ತು ಯಂತ್ರಗಳಿಗೆಂದು ರೂಪಿಸಿದ್ದನ್ನು ಪಿಕಪ್ಪಿಗೆ ಕೂರಿಸಿದರೆ ಬಾಳಿಕೆ ಬರದೆ ಇನ್ನೇನು?

ಚೈನ್‌ಸದ್ದು:
ಆರುಸಾಲಿನವರೇ, ಗುಣಗಾನದ ನಡುವೆ ಡೋವೆಲ್ ಪಿನ್ ವಿಷಯವನ್ನು ಹೇಳದೇ ದಾಟಿಬಿಟ್ಟಿರಿ. ಅದೇ ಎಂಜಿನ್ನಿನ ಟೈಮಿಂಗ್ ಗೇರ್ ಕೇಸಿನಲ್ಲಿದ್ದ ಪುಟ್ಟ ಉಕ್ಕಿನ ಪಿನ್ ಒಂದು ಕಂಪನಕ್ಕೆ ಸಡಿಲಗೊಂಡು ಹೊರಬಂದು, ಗೇರುಗಳ ನಡುವೆ ಬಿದ್ದು ಕೇಸನ್ನೇ ಒಡೆದ ಪ್ರಸಂಗಗಳು ಎಷ್ಟು ನಡೆದವೆಂದರೆ, ಅದಕ್ಕೆ ‘ಕಿಲ್ಲರ್ ಡೋವೆಲ್ ಪಿನ್’ ಎಂಬ ಹೆಸರೇ ನಿಂತುಬಿಟ್ಟಿತು. ಪಿನ್ ಕದಲದಂತೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ ಕೂರಿಸಿದರೆ ತೀರುವ ತೊಂದರೆ ಅದು. ಹೇಳಬೇಕೆಂದಿದ್ದುದು ಇಷ್ಟೇ: ಹತ್ತು ಲಕ್ಷ ಓಡಬಲ್ಲ ಎಂಜಿನ್ನನ್ನೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತುವೊಂದು ಮುಗಿಸಿಬಿಡಬಹುದು.

ಆರುಸಾಲು:
ಅದು ಎಂಜಿನ್ನಿನ ದೋಷವಲ್ಲ, ಪಿನ್ನಿನ ದೋಷ.

ಚೈನ್‌ಸದ್ದು:
ಗೇರ್ ಕೇಸ್ ಒಡೆದು ರಸ್ತೆ ಬದಿಯಲ್ಲಿ ನಿಂತವರಿಗೆ ಈ ಭೇದವನ್ನು ವಿವರಿಸಿ ನೋಡಿ.

ಡೀಸೆಲ್‌ದಾಸ:
ಡೀಸೆಲ್ಲೇ ಏಕೆ, ಪೆಟ್ರೋಲ್ ಪಿಕಪ್ ಕೂಡ ಕಡಿಮೆಯೇನಲ್ಲ. 2007ರ ಟೊಯೊಟಾ ಟಂಡ್ರಾ ಒಂದು ಅಮೆರಿಕದಲ್ಲಿ ಹತ್ತು ಲಕ್ಷ ಮೈಲಿ, ಅಂದರೆ ಸುಮಾರು 16 ಲಕ್ಷ ಕಿ.ಮೀ. ದಾಟಿತು, ಕಂಪನಿಯೇ 2016ರಲ್ಲಿ ಆ ಗಾಡಿಯನ್ನು ಬಿಚ್ಚಿ ಪರೀಕ್ಷಿಸಲು ವಾಪಸ್ ಪಡೆದು, ಮಾಲೀಕರಿಗೆ ಹೊಸ ಟಂಡ್ರಾ ಕೊಟ್ಟಿತು. ಅದರ ಮುಂದೆ 2,60,000 ಯಾವ ಲೆಕ್ಕ?

ಅಳತೆಕೋಲು:
ಆ ಗಾಡಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದರೊಳಗಿನ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಒಂಬತ್ತು ವರ್ಷದಲ್ಲಿ 16 ಲಕ್ಷ ಕಿ.ಮೀ. ಎಂದರೆ ರಜೆಯೇ ಇಲ್ಲದೆ ದಿನಕ್ಕೆ ಸುಮಾರು 490 ಕಿ.ಮೀ. ಆಯಿತು. ಅಂಥ ಗಾಡಿಯ ಎಂಜಿನ್ ಪೂರ್ತಿ ತಣ್ಣಗಾಗುವುದೇ ಅಪರೂಪ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ ಆಯಿಲ್ ಮಂದವಾಗಿರುತ್ತದೆ, ಸಿಲಿಂಡರ್ ಗೋಡೆಯ ಮೇಲೆ ತೇವಾಂಶ ಮತ್ತು ಇಂಧನ ಕೂರುತ್ತವೆ, ಲೋಹದ ಭಾಗಗಳು ತಮ್ಮ ಸರಿಯಾದ ಅಳತೆಗೆ ಇನ್ನೂ ಹಿಗ್ಗಿರುವುದಿಲ್ಲ. ಸವೆತದ ದೊಡ್ಡ ಪಾಲು ನಡೆಯುವುದು ಆ ಹೊತ್ತಿನಲ್ಲಿ. ದಿನಕ್ಕೆ ಎಂಟು ಸಲ ಐದೈದು ಕಿಲೋಮೀಟರ್ ಓಡಿ ಆಫ್ ಆಗುವ ಗಾಡಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಯಾವ ಪ್ರಯೋಜನವೂ ಇಲ್ಲ. ಇನ್ನೊಂದು ಮಾತು: 16 ಲಕ್ಷ ಓಡಿದ ಗಾಡಿಯ ಸುದ್ದಿ ಮಾತ್ರ ನಮಗೆ ತಲಪುತ್ತದೆ, ಅದೇ ಕಾರ್ಖಾನೆಯಿಂದ ಹೊರಬಂದು ಮೂರು ಲಕ್ಷಕ್ಕೇ ಗುಜರಿ ಸೇರಿದವುಗಳು ಚರ್ಚೆಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಮಸಿಬಟ್ಟೆ:
ಕೊನೆಯ ವಾಕ್ಯವನ್ನು ಗಾಡಿ ಮಾರುವವರ ಅಂಗಡಿಯ ಬಾಗಿಲಿಗೆ ಬರೆದು ಅಂಟಿಸಬೇಕು.

ಹೊಸಲೋಡು:
ಹಾಗಾದರೆ ಹೆಸರಾಂತ ಕಂಪನಿಯ ಎಂಜಿನ್ ಎಂಬುದಕ್ಕೆ ಅರ್ಥವೇ ಇಲ್ಲವೇ? ನಾನು ನೋಡುತ್ತಿರುವ ಮಾದರಿಗೆ ಒಳ್ಳೆಯ ಹೆಸರಿದೆ ಎಂಬ ಧೈರ್ಯದಲ್ಲೇ ಇಲ್ಲಿಯವರೆಗೆ ಬಂದೆ.

ಚೈನ್‌ಸದ್ದು:
ಹೆಸರು ಕಂಪನಿಯದ್ದು, ಬಾಳಿಕೆ ಆಯಾ ಎಂಜಿನ್ನಿನದ್ದು ಮತ್ತು ಆಯಾ ವರ್ಷದ್ದು. ಬಾಳಿಕೆಗೆ ಮಾದರಿಯೆನಿಸಿದ ಟೊಯೊಟಾ 2024ರ ಮೇ ತಿಂಗಳಲ್ಲಿ 2022 ಮತ್ತು 2023ರ ಟಂಡ್ರಾ ಹಾಗೂ ಲೆಕ್ಸಸ್ ಎಲ್‌ಎಕ್ಸ್ ಸೇರಿ ಅಮೆರಿಕದಲ್ಲಿ ಸುಮಾರು 1,02,000 ಗಾಡಿಗಳನ್ನು ವಾಪಸ್ ಕರೆಯಿತು. ಕಾರಣ ವಿನ್ಯಾಸವಲ್ಲ, ತಯಾರಿಕೆಯ ವೇಳೆ ಕೊರೆದ ಲೋಹದ ಚೂರುಗಳು ಎಂಜಿನ್ನಿನೊಳಗೆ ಉಳಿದು ಮೇನ್ ಬೇರಿಂಗ್ ಹಾಳಾಗುವ ಸಂಭವವಿತ್ತು. ಮರುವರ್ಷ, 2025ರ ಏಪ್ರಿಲ್‌ನಲ್ಲಿ, ಜನರಲ್ ಮೋಟರ್ಸ್ ತನ್ನ 6.2 ಲೀಟರ್ ವಿ8 ಇರುವ ಆರು ಲಕ್ಷದಷ್ಟು ಪಿಕಪ್ ಮತ್ತು ಎಸ್‌ಯುವಿಗಳನ್ನು ಕರೆಯಿತು. ಅಲ್ಲಿ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡಿನ ದೋಷ. ಪರೀಕ್ಷೆಯಲ್ಲಿ ಪಾಸಾದ ಎಂಜಿನ್‌ಗಳಿಗೆ ಮುಂದೆ 0ಡಬ್ಲ್ಯೂ-20 ಬದಲು ಅದಕ್ಕಿಂತ ದಪ್ಪನೆಯ 0ಡಬ್ಲ್ಯೂ-40 ಆಯಿಲ್ ಹಾಕಬೇಕೆಂದು ಕಂಪನಿಯೇ ಹೇಳಿತು. ಆದ್ದರಿಂದ ಮಾದರಿಯ ಹೆಸರಿಗಿಂತ ಚಾಸಿ ನಂಬರ್ ಕೊಟ್ಟು, ಯಾವ ರೀಕಾಲ್ ಬಾಕಿ ಇದೆ, ಯಾವುದು ಮುಗಿದಿದೆ ಎಂದು ವಿಚಾರಿಸುವುದು ಹೆಚ್ಚು ಫಲಕಾರಿ.

ಪಿಸ್ಟನ್ ಪುರಾಣಿಕ:
ನೋಡಿದಿರಾ, ದಪ್ಪ ಆಯಿಲ್! ನೀರಿನಂಥ 0ಡಬ್ಲ್ಯೂ-20 ಆಯಿಲ್ ಬಂದದ್ದು ಇಂಧನ ಉಳಿತಾಯದ ಅಂಕಿಗೋಸ್ಕರವೇ ಹೊರತು ಎಂಜಿನ್ನಿನ ಹಿತಕ್ಕಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. ಭಾರ ಹೊರುವ ಗಾಡಿಗೆ ದಪ್ಪ ಆಯಿಲ್ಲೇ ಸರಿ.

ಅಳತೆಕೋಲು:
ಅರ್ಧ ಸತ್ಯ. ಬೇರಿಂಗ್ ಬಿಸಿಯಾಗಿ ಒತ್ತಡದಲ್ಲಿರುವಾಗ ಆಯಿಲ್ ಪೊರೆ ಎಷ್ಟು ಗಟ್ಟಿ ಎಂಬುದನ್ನು 150 ಡಿಗ್ರಿಯಲ್ಲಿ ಅಳೆಯುವ ಎಚ್‌ಟಿಎಚ್‌ಎಸ್ ಎಂಬ ಮಾನವಿದೆ. ಎಸ್‌ಎಇ 20 ದರ್ಜೆಗೆ ಅದು ಕನಿಷ್ಠ 2.6 ಇದ್ದರೆ ಸಾಕು. ಡಿಪಿಎಫ್ ಡೀಸೆಲ್‌ಗಳಿಗೆ ಬಳಸುವ, ಎಸಿಇಎ ಸಿ3 ಎಂಬ ಯುರೋಪಿನ ದರ್ಜೆಯ ಆಯಿಲ್ಲಿಗೆ ಕನಿಷ್ಠ 3.5 ಬೇಕು. ಭಾರ ಮತ್ತು ಸೆಕೆ ಹೆಚ್ಚಿದ್ದಲ್ಲಿ ಈ ಅಂತರಕ್ಕೆ ಬೆಲೆಯಿದೆ, ನಿಮ್ಮ ವಾದದ ಆ ಅರ್ಧವನ್ನು ಒಪ್ಪುತ್ತೇನೆ. ಆದರೆ ಇಂದಿನ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್ ಫೇಸರ್, ಆಯಿಲ್ ಒತ್ತಡದಿಂದ ಬಿಗಿಯಾಗುವ ಚೈನ್ ಟೆನ್ಷನರ್ ಇವೆಲ್ಲ ನಿಗದಿತ ದಪ್ಪಕ್ಕೆ ಹೊಂದಿಸಿದಂಥವು. ಕೈಪಿಡಿಯಲ್ಲಿ ಎರಡು ಮೂರು ದರ್ಜೆಗಳಿಗೆ ಅವಕಾಶ ಕೊಟ್ಟಿದ್ದರೆ ಅವುಗಳಲ್ಲಿ ದಪ್ಪನೆಯದನ್ನು ಆರಿಸಿಕೊಳ್ಳಿ. ಕೈಪಿಡಿಯನ್ನೇ ಮೀರಿ 20ಡಬ್ಲ್ಯೂ-50 ಸುರಿಯಬೇಡಿ.

ಡೀಸೆಲ್‌ದಾಸ:
ಆಯಿಲ್ ಮಾತು ಬಂದರೆ ಈ ಚರ್ಚೆ ಮುಂದಿನ ವರ್ಷದವರೆಗೂ ನಡೆಯುತ್ತದೆ. ಯಾವ ಆಯಿಲ್ಲಾದರೂ ಸರಿ, ಹೊತ್ತಿಗೆ ಸರಿಯಾಗಿ ಬದಲಿಸಿ ಎಂದು ಹೇಳಿ ಮುಗಿಸಿ.

ಮಸಿಬಟ್ಟೆ:
ಯಾವ ಆಯಿಲ್ಲಾದರೂ ಸರಿ ಎಂದು ಮಾತ್ರ ಹೇಳಬೇಡಿ ದಾಸರೇ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಅದು ಫಿಲ್ಟರಿನಲ್ಲೇ ಉಳಿಯುತ್ತದೆ.

ಧೂಳುದಾರಿ:
ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಕಾಮಗಾರಿಯ ಗಾಡಿಯ ದೊಡ್ಡ ಶತ್ರುವನ್ನು ಯಾರೂ ಹೆಸರಿಸಲೇ ಇಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಅದು ಧೂಳು. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ, ಅಥವಾ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಮರಳಿನ ಸಣ್ಣ ಕಣ ನೇರವಾಗಿ ಸಿಲಿಂಡರಿಗೆ ಇಳಿದು ರಿಂಗ್ ಮತ್ತು ಬೋರನ್ನು ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ನನ್ನ ಬಳಿ ಇದ್ದ ಪಿಕಪ್ ಒಂದು ಲಕ್ಷ ಮುಟ್ಟುವ ಮೊದಲೇ ಆಯಿಲ್ ಕುಡಿಯತೊಡಗಿತು. ಬಿಚ್ಚಿಸಿದಾಗ ಕಂಡ ಕಾರಣ ಆ ಕೊಳವೆಯ ಕ್ಲ್ಯಾಂಪ್. ಯಾವಾಗಲೋ ಫಿಲ್ಟರ್ ಬದಲಿಸಿದವರು ಅದನ್ನು ಬಿಗಿ ಮಾಡಿರಲಿಲ್ಲ. ದಿನವೂ ಫಿಲ್ಟರ್ ತೆಗೆದು ತಟ್ಟಿ ಊದುವವರೂ ಇದೇ ಹಾನಿಯನ್ನು ಬೇರೆ ರೀತಿಯಲ್ಲಿ ಮಾಡುತ್ತಾರೆ: ಗಾಳಿಯ ರಭಸಕ್ಕೆ ಕಾಗದ ಹರಿಯುತ್ತದೆ, ತೆಗೆದು ಹಾಕುವಾಗೆಲ್ಲ ಒಳಭಾಗಕ್ಕೆ ಧೂಳು ಉದುರುತ್ತದೆ.

ಹೊಸಲೋಡು:
ಇದನ್ನು ಕೊಳ್ಳುವ ಮೊದಲೇ ಕಂಡುಹಿಡಿಯುವ ದಾರಿ ಇದೆಯೇ? ಎಂಜಿನ್ ಬಿಚ್ಚಿ ತೋರಿಸಿ ಎಂದರೆ ಮಾಲೀಕರು ಬಾಗಿಲು ಹಾಕುತ್ತಾರೆ.

ಧೂಳುದಾರಿ:
ಇದೆ. ಎರಡೂ ಗಾಡಿಗಳ ಆಯಿಲ್ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಸಿಲಿಕಾನ್ ಏರಿದ್ದರೆ ಧೂಳು ಒಳಗೆ ಹೋಗುತ್ತಿದೆ. ಅದರ ಜೊತೆಗೆ ಕಬ್ಬಿಣ, ಅಲ್ಯೂಮಿನಿಯಂ ಕೂಡ ಏರಿದ್ದರೆ ಬೋರ್ ಮತ್ತು ಪಿಸ್ಟನ್ ಆಗಲೇ ಸವೆಯುತ್ತಿವೆ. ಸೀಸ, ತಾಮ್ರ ಕಂಡರೆ ಬೇರಿಂಗ್ ಕಡೆ ಅನುಮಾನಪಡಿ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಆಯಿಲ್ಲಿಗೆ ಬೆರೆಯುತ್ತಿರಬಹುದು. ಆದರೆ ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಗೊತ್ತಿರಬೇಕು. ನಿನ್ನೆ ಬದಲಿಸಿದ ಆಯಿಲ್ಲಿನ ವರದಿ ಯಾವಾಗಲೂ ಸುಂದರವಾಗಿಯೇ ಇರುತ್ತದೆ.

ಆರುಸಾಲು:
ಕೂಲೆಂಟ್ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಭಾರೀ ಡೀಸೆಲ್‌ಗಳಲ್ಲಿ ಸಿಲಿಂಡರ್ ಗೋಡೆ ಪ್ರತಿ ಹೊಡೆತಕ್ಕೂ ಅದುರುತ್ತದೆ. ಆ ಅದುರಿಗೆ ಹೊರಮೈಯ ಕೂಲೆಂಟಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತಾ, ವರ್ಷಗಳು ಕಳೆದಂತೆ ಗೋಡೆಯನ್ನು ಹೊರಗಿನಿಂದ ಕೊರೆದು ತೂತು ಮಾಡುತ್ತವೆ. ಫೋರ್ಡ್‌ನ 7.3 ಲೀಟರ್ ಪವರ್‌ಸ್ಟ್ರೋಕ್ ಬಹಳ ಬಾಳುವ ಎಂಜಿನ್ ಎಂದು ಹೆಸರಾದದ್ದು, ಆದರೂ ಅದರ ಕೂಲೆಂಟಿಗೆ ಇದನ್ನು ತಡೆಯುವ ಸಂಯುಕ್ತವನ್ನು ಕಾಲಕಾಲಕ್ಕೆ ಸೇರಿಸಲೇಬೇಕಿತ್ತು. ನಲ್ಲಿ ನೀರು ತುಂಬಿಸಿ ಓಡಿಸಿದವರು ಆಯಿಲ್ ಎಷ್ಟು ನಿಯಮದಿಂದ ಬದಲಿಸಿದರೂ ಆ ಎಂಜಿನ್ ಉಳಿಯಲಿಲ್ಲ.

ಡೀಸೆಲ್‌ದಾಸ:
ಅದರ ನಂತರ ಬಂದ 6.0 ಲೀಟರಿನ ಕಥೆ ಹೇಳಲು ಆರಂಭಿಸಬೇಡಿ, ದಯವಿಟ್ಟು.

ಚೈನ್‌ಸದ್ದು:
ಹೇಳಲೇಬೇಕು, ಚಿಕ್ಕದಾಗಿ. ಆಯಿಲ್ ಕೂಲರ್ ಕಟ್ಟಿಕೊಂಡರೆ ಇಜಿಆರ್ ಕೂಲರಿಗೆ ಕೂಲೆಂಟ್ ಸಾಲದು, ಅದು ಬಿಸಿಯಾಗಿ ಸೀಳುತ್ತದೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬೋರ್, ರಿಂಗ್ ಎಲ್ಲ ಹೊಸದರಂತೆ ಇರುವಾಗಲೇ ಎಂಜಿನ್ ಇಳಿಯುತ್ತದೆ. ಇಂದಿನ ಪಿಕಪ್‌ಗಳಲ್ಲಿ ಸವೆದು ಮುಗಿಯುವ ಎಂಜಿನ್‌ಗಳಿಗಿಂತ ಹೀಗೆ ಪಕ್ಕದ ಭಾಗವೊಂದು ಎಳೆದು ಬೀಳಿಸಿದ ಎಂಜಿನ್‌ಗಳೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಓಡುವಾಗ ಕೆಲವು ಸಿಲಿಂಡರುಗಳ ಕೆಲಸವನ್ನು ನಡುನಡುವೆ ನಿಲ್ಲಿಸುವ ವಿ8ಗಳಲ್ಲಿ ವಾಲ್ವ್ ಎತ್ತುವ ಲಿಫ್ಟರ್, ಆಯಿಲ್ಲಿನಲ್ಲೇ ಮುಳುಗಿ ತಿರುಗುವ ಟೈಮಿಂಗ್ ಬೆಲ್ಟ್ ಇರುವಲ್ಲಿ ಆ ಬೆಲ್ಟ್, ಇವು ನನ್ನ ಮಾತಿಗೆ ಉದಾಹರಣೆಗಳು. ಫೋರ್ಡ್‌ನ 2.0 ಲೀಟರ್ ಇಕೋಬ್ಲೂ ಡೀಸೆಲ್ಲಿನಲ್ಲಿ ಇಂಥ ಬೆಲ್ಟ್ ಬಂದಿತ್ತು. ಡೀಸೆಲ್ ಬೆರೆತ ಅಥವಾ ಹಳಸಿದ ಆಯಿಲ್ಲಿನಲ್ಲಿ ಅಂಥ ಬೆಲ್ಟ್ ಉದುರತೊಡಗಿದರೆ, ಅದರ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತವೆ.

ಅಳತೆಕೋಲು:
ಇನ್ನು ಎಂಜಿನ್ ಬಾಳಿ ಗಾಡಿಯೇ ಬಾಳದ ಸಂಗತಿಯೂ ಇದೆ. ಟಕೋಮಾ, ಟಂಡ್ರಾ, ಸೆಕ್ವೊಯಾ ಗಾಡಿಗಳ ಚಾಸಿ ತುಕ್ಕು ಹಿಡಿದ ಮೊಕದ್ದಮೆಯಲ್ಲಿ ಟೊಯೊಟಾ 2016ರಲ್ಲಿ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತ್ತು. ಎಂಜಿನ್ ಗುಂಡುಕಲ್ಲಿನಂತಿದ್ದು ಚಾಸಿ ಸುತ್ತಿಗೆಯ ಏಟಿಗೆ ತೂತಾದರೆ ಏನು ಬಂತು? ಆದ್ದರಿಂದ ಗಾಡಿಯ ಕೆಳಗೂ ಮಲಗಿ ನೋಡಿ.

ನಿರ್ವಾಹಕ:
ಚಾಸಿಯ ತುಕ್ಕಿಗೆ ಬೇರೆ ಎಳೆ ಇದೆ, ಅದನ್ನು ಅಲ್ಲಿ ಮುಂದುವರಿಸಿ. ಇಲ್ಲಿ ಎಂಜಿನ್ನಿನ ಮಾತಿರಲಿ.

ಗಂಟೆಲೆಕ್ಕ:
ಹೊಸಲೋಡಿನವರೇ, ನೋಡಲು ಹೋಗುವಾಗ ಪಾಲಿಸಬೇಕಾದದ್ದನ್ನು ಹೇಳಿಬಿಡುತ್ತೇನೆ. ನಾನು ಬರುವ ಮೊದಲು ಗಾಡಿ ಚಾಲೂ ಮಾಡಬೇಡಿ ಎಂದು ಮಾಲೀಕರಿಗೆ ಮುಂಚೆಯೇ ತಿಳಿಸಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಡಲಾಗಿದೆ. ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಚೈನಿನ ಗಲಗಲ ಸದ್ದು ಬರುತ್ತದೆಯೇ, ಹೊಗೆ ನೀಲಿಯೋ ಬಿಳಿಯೋ ಎಂಬುದು ಆಗಲೇ ಗೊತ್ತಾಗಬೇಕು, ಬಿಸಿಯಾದ ಮೇಲೆ ಎಷ್ಟೋ ಸದ್ದು ಅಡಗುತ್ತವೆ. ಬಿಸಿಯಾದ ನಂತರ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ಅಲ್ಲೇ ಇಡಿ. ಅದು ಕುಣಿದು ಹಾರಿಹೋಗುವಷ್ಟು ಗಾಳಿ ಬಂದರೆ ಬ್ಲೋಬೈ, ಅಂದರೆ ರಿಂಗ್ ದಾಟಿ ಕೆಳಗಿಳಿಯುವ ಅನಿಲ, ಜಾಸ್ತಿ; ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು ತಿಳಿಸುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸದೆ ಮುಂದಡಿ ಇಡಬೇಡಿ. ಎಂಜಿನ್ ಭಾಗವನ್ನು ತೊಳೆದು ಮಿರಮಿರ ಮಿಂಚಿಸಿದ್ದರೆ, ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂಬ ಮಾತನ್ನು ನೆನೆಸಿಕೊಂಡು ಇನ್ನೂ ಒಂದು ಸುತ್ತು ನೋಡಿ. ಎಲ್ಲಿ ಸೋರುತ್ತಿತ್ತು ಎಂಬ ಗುರುತೇ ಅಳಿಸಿಹೋಗಿರುತ್ತದೆ.

ಹೊಸಲೋಡು:
ಎರಡೂ ಗಾಡಿಗಳನ್ನು ನೋಡಿ ಬಂದೆ. ಸ್ಕ್ಯಾನರ್ ತೋರಿಸಿದ್ದು: ಮೊದಲನೆಯದು 5,200 ಗಂಟೆ, ಎರಡನೆಯದು 5,900 ಗಂಟೆ. 95,000 ಕಿ.ಮೀ. ಓಡಿದ ಗಾಡಿಯ ಎಂಜಿನ್ನೇ ಹೆಚ್ಚು ಹೊತ್ತು ತಿರುಗಿದೆ! ಅದರ ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನ ಗುರುತಿಗಿಂತ ಮೇಲೆಯೇ ಇತ್ತು, ಮೂಸಿದರೆ ಡೀಸೆಲ್ ವಾಸನೆ. ಮೊದಲನೆಯದು ತಣ್ಣಗಿದ್ದಾಗ ಚೆನ್ನಾಗಿಯೇ ಚಾಲೂ ಆಯಿತು, ಮುಚ್ಚಳ ಅಲುಗಲಿಲ್ಲ. ಆದರೆ ಕೂಲೆಂಟ್ ಡಬ್ಬಿ ಕೆಳಗಿನ ಗುರುತಿನಲ್ಲಿತ್ತು. ವರ್ಷಕ್ಕೆ ಒಂದೆರಡು ಸಲ ತುಂಬಿಸುತ್ತೇವೆ, ಅದೇನೂ ದೊಡ್ಡದಲ್ಲ ಎಂದರು ಮಾಲೀಕರು. ಹೆಡ್ ಗ್ಯಾಸ್ಕೆಟ್ ಇರಬಹುದೇ?

ಪಿಸ್ಟನ್ ಪುರಾಣಿಕ:
5,900 ಗಂಟೆ, ಡೀಸೆಲ್ ವಾಸನೆ! ಎರಡನೆಯದನ್ನು ಬಿಟ್ಟುಬಿಡಿ, ಆ ಗಾಡಿಯ ಪರವಾಗಿ ನನಗೆ ಇನ್ನು ವಾದವಿಲ್ಲ. ಮೊದಲನೆಯದರ ಕೂಲೆಂಟ್ ವಿಷಯ ಮಾತ್ರ ಸಣ್ಣದೆಂದು ತಳ್ಳಿಹಾಕಬೇಡಿ.

ಆರುಸಾಲು:
ವರ್ಷಕ್ಕೆ ಒಂದೆರಡು ಸಲ ಎಂದರೆ ಹೆಡ್ ಗ್ಯಾಸ್ಕೆಟ್ ಎನ್ನಲು ತೀರಾ ನಿಧಾನ. ಮೊದಲು ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಒಣಗಿದ ಬಿಳಿಯ ಅಥವಾ ಗುಲಾಬಿ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ, ಎಂಜಿನ್ನಿಗೇನೂ ಆಗಿಲ್ಲ. ಕಲೆ ಇಲ್ಲದಿದ್ದರೆ ಕೂಲಿಂಗ್ ವ್ಯವಸ್ಥೆಗೆ ಪ್ರೆಷರ್ ಟೆಸ್ಟರ್ ಹಾಕಿಸಿ ರಾತ್ರಿಯಿಡೀ ಹಾಗೆಯೇ ಇರಿಸಿ. ಮುಳ್ಳು ಇಳಿದೂ ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಇಜಿಆರ್ ಕೂಲರ್ ಬಿಚ್ಚಿಸಿ ನೋಡಿ, ಆ ವಿಷಯ ತೀರುವವರೆಗೆ ಮುಂಗಡ ಕೊಡಬೇಡಿ.